ಸಂಖ್ಯೆಯ ಸತ್ಯ: ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಮೆಮೊರಿ ಎತ್ತುವ ಒಂದು ತಾತ್ತ್ವಿಕ ಪ್ರಶ್ನೆ

ಒಂದು ಮಾತು ತನ್ನಷ್ಟಕ್ಕೆ ನಿಜವಾಗಿದ್ದೂ ಅದನ್ನು ಕೇಳಿದವನ ಮನಸ್ಸಿನಲ್ಲಿ ತಪ್ಪು ತಿಳಿವಳಿಕೆಯನ್ನೇ ಹುಟ್ಟಿಸಿದರೆ ಅದನ್ನು ಸತ್ಯವೆನ್ನಬೇಕೇ, ಅಸತ್ಯವೆನ್ನಬೇಕೇ ಎಂಬುದು ಭಾರತೀಯ ದರ್ಶನಗಳಲ್ಲಿಯೂ ಪಾಶ್ಚಾತ್ಯ ನೀತಿಶಾಸ್ತ್ರದಲ್ಲಿಯೂ ಬಹುಕಾಲದಿಂದ ಚರ್ಚೆಯಾಗುತ್ತ ಬಂದಿರುವ ಪ್ರಶ್ನೆ. ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಯುದ್ಧ, ರಾಜನೀತಿ, ನ್ಯಾಯಾಲಯದ ಸಾಕ್ಷ್ಯ ಮೊದಲಾದ ದೊಡ್ಡ ಸಂದರ್ಭಗಳಿಗೆ ಅನ್ವಯಿಸಿ ನೋಡುವುದು ರೂಢಿಯಾದರೂ, ಇಂದಿನ ಮನುಷ್ಯ ಅದನ್ನು ಹೆಚ್ಚಾಗಿ ಎದುರಿಸುವುದು ಮಾರುಕಟ್ಟೆಯಲ್ಲಿ. ಅದರಲ್ಲಿಯೂ ತಾನು ಕೊಳ್ಳುವ ವಸ್ತುವಿನ ಒಳಗನ್ನು ತಾನೇ ತೆರೆದು ನೋಡಲಾರದೆ, ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಗಳನ್ನಷ್ಟೇ ನಂಬಿ ಹಣ ಕೊಡಬೇಕಾದ ಕಡೆ ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾಗುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ಗ್ರಾಫಿಕ್ಸ್ ಮೆಮೊರಿಯ ವಿಷಯದಲ್ಲಿ ಉಂಟಾಗುವ ಗೊಂದಲ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಶುದ್ಧ ಸುಳ್ಳು ಹೇಳುವವರು ವಿರಳ. ಆದರೂ ಕೊಂಡವನು ತಾನು ಕೊಂಡದ್ದೇನು ಎಂಬುದನ್ನು ಮನೆಗೆ ಬಂದ ಮೇಲೆಯೇ ತಿಳಿಯುವುದು ಸಾಮಾನ್ಯ.

ತಾತ್ತ್ವಿಕ ವಿಚಾರಕ್ಕೆ ಮೊದಲು ವಸ್ತುಸ್ಥಿತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಚಿತ್ರವನ್ನು ಲೆಕ್ಕಹಾಕಿ ರಚಿಸುವ ಚಿಪ್ಪಿಗೆ ಗ್ರಾಫಿಕ್ಸ್ ಪ್ರೊಸೆಸರ್ ಎಂದು ಹೆಸರು; ಆ ಚಿಪ್ಪು ತನ್ನ ಕೆಲಸಕ್ಕೆ ಬೇಕಾದ ಚಿತ್ರಗಳನ್ನೂ ಆಕೃತಿಗಳ ವಿವರಗಳನ್ನೂ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗವೇ ಗ್ರಾಫಿಕ್ಸ್ ಮೆಮೊರಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಬೇರೆಯೇ ಚಿಪ್ಪಾಗಿದ್ದು, ಅದರ ಪಕ್ಕದಲ್ಲಿ ಅದಕ್ಕೆಂದೇ ಮೀಸಲಾದ ಮೆಮೊರಿ ಇರುತ್ತದೆ. ಇದನ್ನು ಡೆಡಿಕೇಟೆಡ್ ಮೆಮೊರಿ ಅಥವಾ ವಿರ‍್ಯಾಮ್ ಎನ್ನುತ್ತಾರೆ. ಇನ್ನು ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಭಾಗ ಮುಖ್ಯ ಪ್ರೊಸೆಸರಿನೊಳಗೇ ಸೇರಿಕೊಂಡಿದ್ದು, ಅದಕ್ಕೆ ಸ್ವಂತ ಮೆಮೊರಿ ಇಲ್ಲದೆ, ಯಂತ್ರದ ಎಲ್ಲ ಕೆಲಸಗಳಿಗೂ ಬಳಕೆಯಾಗುವ ರ‍್ಯಾಮ್‌ನಿಂದಲೇ ಬೇಕಾದಾಗ ಬೇಕಾದಷ್ಟನ್ನು ಪಡೆಯುತ್ತದೆ. ಇದು ಶೇರ್ಡ್, ಅಂದರೆ ಹಂಚಿಕೆಯ ಮೆಮೊರಿ.

ಗೊಂದಲ ಹುಟ್ಟುವುದು ಈ ಎರಡೂ ಬಗೆಗಳನ್ನು ಒಂದೇ ಹೆಸರಿನಲ್ಲಿ, ಒಂದೇ ಮಾನದಲ್ಲಿ ಎಣಿಸುವುದರಿಂದ. ವಿಂಡೋಸ್ ಇರುವ ಲ್ಯಾಪ್‌ಟಾಪ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರಿನ ವಿವರಗಳನ್ನು ತೆರೆದರೆ ಮೀಸಲು ಮೆಮೊರಿ, ಹಂಚಿಕೆಯ ಮೆಮೊರಿ ಇತ್ಯಾದಿಗಳ ಜೊತೆಗೆ ಇವೆಲ್ಲವನ್ನೂ ಕೂಡಿಸಿದ 'ಒಟ್ಟು ಲಭ್ಯ ಗ್ರಾಫಿಕ್ಸ್ ಮೆಮೊರಿ' ಎಂಬ ಸಂಖ್ಯೆಯೂ ಕಾಣುತ್ತದೆ. ಹಂಚಿಕೆಯ ಪಾಲು ಸಾಮಾನ್ಯವಾಗಿ ಯಂತ್ರದ ರ‍್ಯಾಮ್‌ನ ಸುಮಾರು ಅರ್ಧದಷ್ಟಿರುವುದರಿಂದ, 16 ಜಿಬಿ ರ‍್ಯಾಮ್ ಇದ್ದು ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪೇ ಇಲ್ಲದ ಲ್ಯಾಪ್‌ಟಾಪ್ ಕೂಡ ಸುಮಾರು 8 ಜಿಬಿ ಗ್ರಾಫಿಕ್ಸ್ ಮೆಮೊರಿ ಇರುವಂತೆ ತೋರಿಸಿಕೊಳ್ಳುತ್ತದೆ. ಅದರ ಪಕ್ಕದಲ್ಲಿಯೇ 4 ಜಿಬಿ ಮೀಸಲು ಮೆಮೊರಿಯ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಇನ್ನೊಂದು ಲ್ಯಾಪ್‌ಟಾಪ್ ಇದ್ದರೆ, ಎರಡು ಸಂಖ್ಯೆಗಳನ್ನಷ್ಟೇ ಹೋಲಿಸಿ ನೋಡುವ ಗ್ರಾಹಕ ಮೊದಲನೆಯದೇ ಇಮ್ಮಡಿ ಸಮರ್ಥವೆಂದು ತೀರ್ಮಾನಿಸುವುದು ಸಹಜ. ವಾಸ್ತವ ಇದಕ್ಕೆ ವಿರುದ್ಧವಾಗಿದೆ. 128 ಬಿಟ್ ಅಗಲದ ಹಾದಿಯಲ್ಲಿ, ಪ್ರತಿ ಬಿಟ್‌ಗೆ ಸೆಕೆಂಡಿಗೆ 12 ಗಿಗಾಬಿಟ್ ವೇಗದಲ್ಲಿ ಓಡುವ ಜಿಡಿಡಿಆರ್6 ಬಗೆಯ ಮೀಸಲು ಮೆಮೊರಿ ಸೆಕೆಂಡಿಗೆ 192 ಜಿಬಿ ಮಾಹಿತಿಯನ್ನು ಸಾಗಿಸಬಲ್ಲದು. ಡಿಡಿಆರ್4-3200 ಬಗೆಯ ಸಾಮಾನ್ಯ ರ‍್ಯಾಮ್ ಒಂದೇ ಪಟ್ಟಿಯಾಗಿದ್ದರೆ ಸೆಕೆಂಡಿಗೆ 25.6 ಜಿಬಿ, ಎರಡು ಪಟ್ಟಿಗಳಿದ್ದರೆ 51.2 ಜಿಬಿ ಮಾತ್ರ ಸಾಗಿಸುತ್ತದೆ, ಅದನ್ನೂ ಮುಖ್ಯ ಪ್ರೊಸೆಸರಿನೊಡನೆ ಹಂಚಿಕೊಳ್ಳಬೇಕು. ಹೀಗೆ ಜಾಗದ ಲೆಕ್ಕದಲ್ಲಿ ದೊಡ್ಡದಾದುದು ಕೆಲಸದ ಲೆಕ್ಕದಲ್ಲಿ ಚಿಕ್ಕದಾಗುತ್ತದೆ.

ಮೀಸಲು ಮೆಮೊರಿಯೇ ಇದ್ದರೂ ಜಿಬಿ ಎಂಬ ಒಂದೇ ಸಂಖ್ಯೆ ವಸ್ತುವಿನ ಸ್ವರೂಪವನ್ನು ಹೇಳಿ ಮುಗಿಸಲಾರದು. ಜಿಫೋರ್ಸ್ 940ಎಂಎಕ್ಸ್ ಎಂಬ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪು ಒಂದೇ ಹೆಸರಿನಲ್ಲಿ ನಿಧಾನವಾದ ಡಿಡಿಆರ್3 ಮೆಮೊರಿಯೊಡನೆಯೂ ಅದಕ್ಕಿಂತ ಎಷ್ಟೋ ವೇಗದ ಜಿಡಿಡಿಆರ್5 ಮೆಮೊರಿಯೊಡನೆಯೂ ಮಾರಾಟಕ್ಕೆ ಬಂದಿತ್ತು. ಎಂಎಕ್ಸ್150 ಎಂಬ ಹೆಸರಿನಡಿ 25 ವ್ಯಾಟ್‌ನ ಚಿಪ್ಪೂ 10 ವ್ಯಾಟ್‌ನ ಚಿಪ್ಪೂ ಇದ್ದು, ಯಾವ ಲ್ಯಾಪ್‌ಟಾಪ್‌ನಲ್ಲಿ ಯಾವುದು ಇದೆ ಎಂಬುದು ಹೆಸರಿನಿಂದ ತಿಳಿಯುವಂತಿರಲಿಲ್ಲ. ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4060 ಚಿಪ್ಪಿಗೆ ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ತಮಗೆ ಬೇಕಾದಷ್ಟು ವಿದ್ಯುತ್ತನ್ನು ಗೊತ್ತುಪಡಿಸಬಹುದು. ವಿದ್ಯುತ್ತು ಕಡಿಮೆಯಾದಂತೆ ಅದೇ ಚಿಪ್ಪಿನ, ಅದೇ 8 ಜಿಬಿಯ ಯಂತ್ರದ ವೇಗವೂ ಕುಗ್ಗುತ್ತದೆ. ಮೇಜಿನ ಕಂಪ್ಯೂಟರಿನ ಆರ್‌ಟಿಎಕ್ಸ್ 4090 ಕಾರ್ಡಿನಲ್ಲಿ 24 ಜಿಬಿ ಮೆಮೊರಿ ಇದ್ದರೆ, ಅದೇ ಸಂಖ್ಯೆಯ ಹೆಸರು ಹೊತ್ತ ಲ್ಯಾಪ್‌ಟಾಪ್ ಕಾರ್ಡಿನಲ್ಲಿರುವುದು 16 ಜಿಬಿ, ಮತ್ತು ಒಳಗಿನ ಚಿಪ್ಪೇ ಬೇರೆ. ಇಲ್ಲಿ ಅಚ್ಚಾದ ಯಾವ ಅಕ್ಷರವೂ ಸುಳ್ಳಲ್ಲ. ಆದರೆ ಹೆಸರಿಗೂ ವಸ್ತುವಿಗೂ ನಡುವೆ ಗ್ರಾಹಕ ಊಹಿಸಿಕೊಳ್ಳುವ ಸಂಬಂಧ ಮಾತ್ರ ನಿಜವಾಗಿ ಇಲ್ಲ.

ಇದು ಇಂದು ನಿನ್ನೆಯ ಪದ್ಧತಿಯೂ ಅಲ್ಲ. 2004ರಲ್ಲಿ ಎನ್‌ವಿಡಿಯಾ ಕಂಪನಿ ಟರ್ಬೊಕ್ಯಾಶ್ ಎಂಬ ತಂತ್ರವನ್ನು ಪರಿಚಯಿಸಿದಾಗ, ಕಾರ್ಡಿನ ಮೇಲೆ 16 ಅಥವಾ 32 ಎಂಬಿ ಮೆಮೊರಿ ಮಾತ್ರ ಇದ್ದು, ಉಳಿದುದನ್ನು ಮುಖ್ಯ ರ‍್ಯಾಮ್‌ನಿಂದ ಪಡೆಯುವ ಕಾರ್ಡುಗಳು 128 ಎಂಬಿಯನ್ನು 'ಬೆಂಬಲಿಸುವ' ಕಾರ್ಡುಗಳೆಂದು ಪ್ರಚಾರ ಪಡೆದವು. ಎಟಿಐ ಕಂಪನಿಯ ಹೈಪರ್‌ಮೆಮೊರಿಯೂ ಇದೇ ದಾರಿಯದು. ಹೆಚ್ಚು ಚರ್ಚೆಗೊಳಗಾದುದು ಮೇಜಿನ ಕಂಪ್ಯೂಟರುಗಳಿಗೆಂದು 2014ರ ಸೆಪ್ಟೆಂಬರಿನಲ್ಲಿ ಬಂದ ಜಿಟಿಎಕ್ಸ್ 970 ಕಾರ್ಡಿನ ಪ್ರಕರಣ. ಅದರ ಪೆಟ್ಟಿಗೆಯ ಮೇಲೆ 4 ಜಿಬಿ ಎಂದಿತ್ತು, ಒಳಗೂ 4 ಜಿಬಿ ಇತ್ತು. ಆದರೆ ಅದರಲ್ಲಿ 3.5 ಜಿಬಿ ಪೂರ್ಣ ವೇಗದ್ದಾಗಿದ್ದು ಉಳಿದ ಅರ್ಧ ಜಿಬಿ ಬಹಳ ನಿಧಾನದ್ದಾಗಿತ್ತೆಂಬುದು 2015ರ ಜನವರಿಯಲ್ಲಿ ಬಹಿರಂಗವಾಯಿತು. ಅಮೆರಿಕದಲ್ಲಿ ಗ್ರಾಹಕರು ಒಟ್ಟಾಗಿ ಹೂಡಿದ ದಾವೆ 2016ರಲ್ಲಿ ರಾಜಿಯಾಗಿ, ಕೊಂಡ ಪ್ರತಿ ಕಾರ್ಡಿಗೆ 30 ಡಾಲರ್ ಕೊಡಲು ಕಂಪನಿ ಒಪ್ಪಿತು. ನಾಲ್ಕು ಎಂದು ಹೇಳಿ ನಾಲ್ಕನ್ನೇ ಕೊಟ್ಟಮೇಲೂ ಕೊಂಡವರು ಮೋಸಹೋದೆವೆಂದು ಏಕೆ ಭಾವಿಸಿದರು, ಆ ಭಾವನೆ ನ್ಯಾಯವಾದುದೇ ಎಂಬ ಪ್ರಶ್ನೆಗೆ ತಂತ್ರಜ್ಞಾನ ಉತ್ತರ ಕೊಡಲಾರದು. ಸತ್ಯವೆಂದರೇನು ಎಂಬ ವಿಚಾರಕ್ಕೆ ಸೇರಿದ ಪ್ರಶ್ನೆ ಅದು.

ಸತ್ಯದ ಸ್ವರೂಪವನ್ನು ಈ ದೃಷ್ಟಿಯಿಂದ ಬಹು ಸೂಕ್ಷ್ಮವಾಗಿ ಪರಿಶೀಲಿಸಿದ ಗ್ರಂಥಗಳಲ್ಲಿ ಪತಂಜಲಿಯ ಯೋಗಸೂತ್ರಕ್ಕೆ ವ್ಯಾಸನ ಹೆಸರಿನಲ್ಲಿರುವ ಭಾಷ್ಯ ಮುಖ್ಯವಾದುದು. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದು ಯಮಗಳನ್ನು ಹೇಳುವ ಸೂತ್ರದ ಮೇಲೆ ಬರೆಯುವಾಗ ಭಾಷ್ಯಕಾರನು, ಮಾತೂ ಮನಸ್ಸೂ ವಸ್ತುವಿಗೆ ಅನುಗುಣವಾಗಿರುವುದೇ ಸತ್ಯವೆಂದು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ಮಾತು ಇರುವುದು ತನ್ನಲ್ಲಿರುವ ಅರಿವನ್ನು ಇನ್ನೊಬ್ಬನಿಗೆ ದಾಟಿಸುವುದಕ್ಕಾಗಿ ಎಂಬುದನ್ನು ನೆನಪಿಸಿ, ಆ ಕಾರಣದಿಂದ ಮಾತು ಮೂರು ದೋಷಗಳಿಂದ ದೂರವಿರಬೇಕೆಂದು ವಿಧಿಸುತ್ತಾನೆ: ಅದು ವಂಚನೆಯದಾಗಿರಬಾರದು, ಭ್ರಾಂತಿಯಿಂದ ಕೂಡಿದುದಾಗಿರಬಾರದು, ಪ್ರತಿಪತ್ತಿವಂಧ್ಯವಾಗಿರಬಾರದು. ಪ್ರತಿಪತ್ತಿ ಎಂದರೆ ಕೇಳುವವನಲ್ಲಿ ಮೂಡುವ ತಿಳಿವಳಿಕೆ. ಅದನ್ನು ಹುಟ್ಟಿಸಲಾರದ ಮಾತು ಪ್ರತಿಪತ್ತಿವಂಧ್ಯ. ಈ ವಿವರಣೆಯಲ್ಲಿ ಗಮನಿಸಬೇಕಾದುದೇನೆಂದರೆ, ಸತ್ಯವನ್ನು ಮಾತಿಗೂ ವಸ್ತುವಿಗೂ ಇರುವ ಹೊಂದಾಣಿಕೆಯಾಗಿ ಮಾತ್ರವೇ ನೋಡದೆ, ಹೇಳುವವನ ಅರಿವು, ಹೇಳಿದ ಮಾತು, ಕೇಳಿದವನ ಅರಿವು ಈ ಮೂರೂ ಒಂದೇ ಆಗಿರುವ ಸ್ಥಿತಿಯಾಗಿ ನೋಡಲಾಗಿದೆ. ಗ್ರಾಫಿಕ್ಸ್ ಮೆಮೊರಿಯ ಗೊಂದಲವನ್ನು ಈ ಮೂರು ದೋಷಗಳ ಬೆಳಕಿನಲ್ಲಿ ಬಿಡಿಸಿ ನೋಡಿದರೆ, ಹೊರಗಿನಿಂದ ಒಂದೇ ಎನಿಸುವ ತಪ್ಪಿನೊಳಗೆ ಬೇರೆ ಬೇರೆ ಹೊಣೆಗಾರಿಕೆಯ ಮೂರು ತಪ್ಪುಗಳಿರುವುದು ಕಾಣುತ್ತದೆ.

ಮೊದಲನೆಯದು ವಂಚನೆಯ ಮಾತು. ಇದಕ್ಕೆ ಉದಾಹರಣೆಯಾಗಿ ವ್ಯಾಸಭಾಷ್ಯದ ಟೀಕಾಕಾರನಾದ ವಾಚಸ್ಪತಿಮಿಶ್ರನು ಮಹಾಭಾರತದ ದ್ರೋಣಪರ್ವದ ಪ್ರಸಂಗವನ್ನೇ ಎತ್ತಿಕೊಳ್ಳುತ್ತಾನೆ. ಮಗನು ಸತ್ತನೇ ಎಂದು ಕೇಳಿದ ದ್ರೋಣನಿಗೆ, ಸತ್ತ ಆನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಶ್ವತ್ಥಾಮ ಸತ್ತನೆಂದು ಧರ್ಮರಾಯ ಉತ್ತರಿಸಿದ. ಅಶ್ವತ್ಥಾಮನೆಂಬ ಆನೆ ಸತ್ತಿದ್ದುದರಿಂದ ಮಾತು ವಸ್ತುವಿಗೆ ಹೊಂದಿಕೊಂಡೇ ಇತ್ತು. ಆನೆ ಎಂಬ ಮಾತನ್ನೂ ಅವನು ಸೇರಿಸಿದ್ದ, ಆದರೆ ದ್ರೋಣನಿಗೆ ಕೇಳದಷ್ಟು ಅಸ್ಪಷ್ಟವಾಗಿ. ಆದರೂ ಅಲ್ಲಿಯವರೆಗೆ ನೆಲದಿಂದ ನಾಲ್ಕು ಅಂಗುಲ ಮೇಲೆ ಚಲಿಸುತ್ತಿದ್ದ ಅವನ ರಥ ಆಗ ನೆಲ ಮುಟ್ಟಿತೆಂದು ಮಹಾಕಾವ್ಯ ಹೇಳುತ್ತದೆ. ಮಾತಿನ ಅಕ್ಷರಕ್ಕಿಂತ ಅದು ಕೇಳುವವನಲ್ಲಿ ಹುಟ್ಟಿಸಲು ಉದ್ದೇಶಿಸಿದ ಅರಿವೇ ಧರ್ಮದ ಕಣ್ಣಿಗೆ ಮುಖ್ಯವೆಂಬ ತೀರ್ಪು ಅದರಲ್ಲಿದೆ. '8 ಜಿಬಿ ಗ್ರಾಫಿಕ್ಸ್' ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಅದರ ಮೇಲೊಂದು ನಕ್ಷತ್ರಚಿಹ್ನೆ ಇಟ್ಟು, ಹಂಚಿಕೆಯ ಮೆಮೊರಿಯೂ ಸೇರಿದೆಯೆಂಬ ಸಂಗತಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಕೆಳಗೆಲ್ಲೋ ಅಚ್ಚುಮಾಡುವ ಜಾಹೀರಾತು ಇದೇ ವರ್ಗಕ್ಕೆ ಸೇರುತ್ತದೆ. ಓದಲೆಂದಲ್ಲದೆ, ಮುಂದೆ ಪ್ರಶ್ನೆ ಬಂದಾಗ ತೋರಿಸಲೆಂದು ಬರೆದ ಅಡಿಟಿಪ್ಪಣಿ ಬರೆದವನನ್ನು ಕಾನೂನಿನ ಕೈಯಿಂದ ತಪ್ಪಿಸಬಹುದೇ ಹೊರತು ಅಸತ್ಯದ ದೋಷದಿಂದ ತಪ್ಪಿಸಲಾರದು.

ಎರಡನೆಯದು ಭ್ರಾಂತಿಯ ಮಾತು, ಅಂದರೆ ಹೇಳುವವನಿಗೇ ಸರಿಯಾದ ತಿಳಿವಳಿಕೆ ಇಲ್ಲದೆ ಹೊರಡುವ ಮಾತು. ಅಂಗಡಿಯಲ್ಲಿ ದಿನಕ್ಕೆ ಹತ್ತಾರು ಬಗೆಯ ವಸ್ತುಗಳನ್ನು ತೋರಿಸುವ ಮಾರಾಟಗಾರನು, ಪರದೆಯ ಮೇಲೆ ಕಂಡ ಒಟ್ಟು ಸಂಖ್ಯೆಯನ್ನೇ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯೆಂದು ಪ್ರಾಮಾಣಿಕವಾಗಿಯೇ ನಂಬಿ, ಅದನ್ನೇ ಗ್ರಾಹಕನಿಗೆ ಹೇಳುವುದುಂಟು. ಅವನಲ್ಲಿ ಮೋಸದ ಉದ್ದೇಶವಿಲ್ಲ. ಆದರೆ ನ್ಯಾಯದರ್ಶನದ ದೃಷ್ಟಿಯಿಂದ ಅವನು ಆಪ್ತನಲ್ಲ. ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ, ಅಂದರೆ ನಂಬಲರ್ಹನಾದವನ ಮಾತನ್ನೂ ಅರಿವಿನ ಒಂದು ಸಾಧನವೆಂದು ನೈಯಾಯಿಕರು ಒಪ್ಪುತ್ತಾರೆ. ಹಾಗೆ ನಂಬಲರ್ಹನಾದವನೇ ಆಪ್ತ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನು ಆಪ್ತನಿಗೆ ಎರಡು ಲಕ್ಷಣಗಳನ್ನು ಹೇಳುತ್ತಾನೆ: ವಿಷಯವನ್ನು ಅವನು ಸ್ವತಃ ಕಂಡುಕೊಂಡಿರಬೇಕು, ಮತ್ತು ಕಂಡದ್ದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆ ಅವನಲ್ಲಿರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸೇರಿಸುವುದು ಇನ್ನೂ ಗಮನಾರ್ಹ, ಏಕೆಂದರೆ ಅದರಿಂದ ಆಪ್ತತೆ ಹುಟ್ಟಿಗೂ ಪದವಿಗೂ ಅಂಟಿಕೊಳ್ಳದೆ ಅರಿವು ಮತ್ತು ಇಚ್ಛೆಗಳಿಗೆ ಅಂಟಿಕೊಳ್ಳುತ್ತದೆ. ದೊಡ್ಡ ಕಂಪನಿಯ ಮುದ್ರೆಯಾಗಲಿ ಮಳಿಗೆಯ ಥಳುಕಾಗಲಿ ಯಾರನ್ನೂ ಆಪ್ತನನ್ನಾಗಿ ಮಾಡಲಾರದು. ಅಂತೆಯೇ ಸಣ್ಣ ಅಂಗಡಿಯ ಹುಡುಗನೊಬ್ಬ ವಿಷಯ ತಿಳಿದು ತಿಳಿದಂತೆ ಹೇಳಿದರೆ ಅವನ ಮಾತೇ ಪ್ರಮಾಣವಾಗುತ್ತದೆ. ಮಾರುವವನ ಅಜ್ಞಾನ ಕ್ಷಮೆಗೆ ಅರ್ಹವಾಗಿರಬಹುದು, ಆದರೆ ತಿಳಿಯದ ವಿಷಯವನ್ನು ತಿಳಿದವನಂತೆ ಹೇಳುವ ಧೈರ್ಯ ಕ್ಷಮೆಗೆ ಅರ್ಹವಲ್ಲ. ಅವನಿಗೆ ಸರಿಯಾದ ತಿಳಿವಳಿಕೆ ಕೊಡದೆ ಮಾರಾಟದ ಗುರಿಯನ್ನಷ್ಟೇ ಕೊಟ್ಟು ನಿಲ್ಲಿಸಿದವರ ಹೊಣೆ ಅವನದಕ್ಕಿಂತಲೂ ದೊಡ್ಡದು.

ಮೂರನೆಯ ದೋಷವನ್ನು ಸಾಮಾನ್ಯವಾಗಿ ದೋಷವೆಂದು ಯಾರೂ ಎಣಿಸುವುದಿಲ್ಲ, ಆದ್ದರಿಂದಲೇ ಅದನ್ನು ಹೆಚ್ಚು ವಿವರವಾಗಿ ನೋಡಬೇಕಾಗುತ್ತದೆ. ತಯಾರಕರ ಸ್ಪೆಸಿಫಿಕೇಷನ್ ಪಟ್ಟಿಯಲ್ಲಿ ಮೆಮೊರಿಯ ಬಗೆ, ಹಾದಿಯ ಅಗಲ, ವ್ಯಾಟ್ ಎಲ್ಲವೂ ಸರಿಯಾಗಿಯೇ ಇರಬಹುದು. ಹೇಳುವವನಿಗೆ ಅದು ಗೊತ್ತು, ಹೇಳಿದ್ದು ನಿಜ, ಅಡಗಿಸಿದ್ದು ಏನೂ ಇಲ್ಲ. ಆದರೆ ಆ ಪಟ್ಟಿಯನ್ನು ಓದಿದ ಸಾಮಾನ್ಯ ಗ್ರಾಹಕನಿಗೆ ತನ್ನ ಮಗಳ ಎಂಜಿನಿಯರಿಂಗ್ ಓದಿಗೆ ಈ ಯಂತ್ರ ಸಾಕೇ ಸಾಲದೇ ಎಂಬುದು ತಿಳಿಯದಿದ್ದರೆ, ಆ ಪಟ್ಟಿ ವ್ಯಾಸಭಾಷ್ಯದ ಅರ್ಥದಲ್ಲಿ ಬಂಜೆಮಾತು. ವಾಚಸ್ಪತಿಮಿಶ್ರನು ಇದಕ್ಕೆ ಕೊಡುವ ಉದಾಹರಣೆ, ಕೇಳುವವನಿಗೆ ಅರಿಯದ ಭಾಷೆಯಲ್ಲಿ ಅವನೊಡನೆ ಮಾತಾಡುವುದು. ಈ ಉದಾಹರಣೆ ಕರ್ನಾಟಕದ ಗ್ರಾಹಕನಿಗೆ ನೇರವಾಗಿ ತಟ್ಟುವಂಥದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ದೊಡ್ಡ ಮಾರುಕಟ್ಟೆಯಲ್ಲಾಗಲಿ, ಜಿಲ್ಲಾ ಕೇಂದ್ರದ ಒಂದು ಅಂಗಡಿಯಲ್ಲಾಗಲಿ, ಮಾರುವ ಮಾತು ಕನ್ನಡದಲ್ಲಿ ನಡೆದರೂ ಒಪ್ಪಂದಕ್ಕೆ ಆಧಾರವಾದ ಪಟ್ಟಿ ಇಂಗ್ಲಿಷಿನಲ್ಲಿ, ಅದೂ ಇಂಗ್ಲಿಷ್ ಬಲ್ಲವರಿಗೂ ಬಿಡಿಸಲಾಗದ ಸಂಕ್ಷಿಪ್ತಾಕ್ಷರಗಳಲ್ಲಿ ಇರುತ್ತದೆ. ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗೆಂದು ಯಂತ್ರವು ತನ್ನ 8 ಜಿಬಿ ರ‍್ಯಾಮ್‌ನಲ್ಲಿ 2 ಜಿಬಿಯನ್ನು ಮೊದಲೇ ಕಾದಿರಿಸಿದಾಗ, ಬಳಕೆಗೆ ದೊರೆಯುವುದು ಆರಕ್ಕಿಂತ ತುಸು ಕಡಿಮೆ ಎಂದು ಪರದೆ ತೋರಿಸುತ್ತದೆ. ಇದರಲ್ಲಿ ಮೋಸವೇನೂ ಇಲ್ಲದಿದ್ದರೂ, ಯಾರೂ ಮೊದಲೇ ವಿವರಿಸದ ಕಾರಣ, ಕೊಂಡವನು ತನಗೆ ಎರಡು ಜಿಬಿ ಕಡಿಮೆ ಕೊಟ್ಟರೆಂದು ಅನುಮಾನಪಡುತ್ತಾನೆ. ಅರ್ಥವಾಗದ ಸತ್ಯವು ಹೀಗೆ ಪ್ರಾಮಾಣಿಕನ ಮೇಲೂ ಅಪನಂಬಿಕೆಯನ್ನು ಹುಟ್ಟಿಸುತ್ತದೆ.

ಸತ್ಯದ ಜೊತೆಗೆ ಅಸ್ತೇಯ, ಅಂದರೆ ಕಳವು ಮಾಡದಿರುವ ವ್ರತವೂ ಇಲ್ಲಿ ವಿಚಾರಕ್ಕೆ ಬರುತ್ತದೆ. ಜೈನರ ತತ್ತ್ವಾರ್ಥಸೂತ್ರವು ಗೃಹಸ್ಥನ ಅಣುವ್ರತಗಳಿಗೆ ಒದಗಬಹುದಾದ ಅತಿಚಾರಗಳನ್ನು, ಅಂದರೆ ವ್ರತ ಪೂರ್ತಿ ಮುರಿಯದಿದ್ದರೂ ಅದನ್ನು ಮಲಿನಗೊಳಿಸುವ ತಪ್ಪುಗಳನ್ನು, ಒಂದೊಂದಾಗಿ ಎಣಿಸುತ್ತದೆ. ಅಲ್ಲಿ ಹೀನಾಧಿಕ ಮಾನೋನ್ಮಾನ, ಅಂದರೆ ಅಳತೆ ತೂಕಗಳನ್ನು ಹೆಚ್ಚುಕಡಿಮೆ ಮಾಡುವುದನ್ನೂ, ಪ್ರತಿರೂಪಕ ವ್ಯವಹಾರ, ಅಂದರೆ ಅಸಲಿನಂತೆ ತೋರುವ ಬೇರೊಂದನ್ನು ಅಸಲಿನ ಬದಲಿಗೆ ಕೊಡುವುದನ್ನೂ ಸತ್ಯವ್ರತದ ಅತಿಚಾರಗಳಲ್ಲಿ ಸೇರಿಸಿಲ್ಲ. ಅಚೌರ್ಯವ್ರತದ ಅತಿಚಾರಗಳಲ್ಲಿ ಸೇರಿಸಿದೆ. ಕರ್ನಾಟಕದೊಡನೆ ನಿಕಟ ಸಂಬಂಧವಿದ್ದ ಪೂಜ್ಯಪಾದಾಚಾರ್ಯರು ತಮ್ಮ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನದಲ್ಲಿ, ಕೊಡುವಾಗ ಕಡಿಮೆಯ ಅಳತೆಯನ್ನೂ ಕೊಳ್ಳುವಾಗ ಹೆಚ್ಚಿನ ಅಳತೆಯನ್ನೂ ಬಳಸುವುದೇ ಇದೆಂದು ವಿವರಿಸುತ್ತಾರೆ. ಈ ವಿಂಗಡಣೆಯ ಹಿಂದೆ ಆಳವಾದ ವಿವೇಕವಿದೆ. ಅಳತೆ ಒಂದು ಮಾತಿನಂತೆ ಕಂಡರೂ ಅದರ ಮೂಲಕ ಕೈಬದಲಾಗುವುದು ದುಡಿಮೆಯ ಫಲ; ಆದ್ದರಿಂದ ಅಳತೆಯನ್ನು ಕೆಡಿಸುವವನು ಕೇಳುವವನ ತಿಳಿವಳಿಕೆಯನ್ನಷ್ಟೇ ಕೆಡಿಸುವುದಿಲ್ಲ, ಅವನ ದುಡಿಮೆಯ ಒಂದು ಪಾಲನ್ನು ಅವನ ಒಪ್ಪಿಗೆಯಿಲ್ಲದೆ ತೆಗೆದುಕೊಳ್ಳುತ್ತಾನೆ. ಜಿಬಿ ಎಂಬುದು ಇಂದಿನ ಮಾನ. ಮೀಸಲು ಮೆಮೊರಿಯ ಜಿಬಿಯನ್ನೂ ಹಂಚಿಕೆಯ ಮೆಮೊರಿಯ ಜಿಬಿಯನ್ನೂ ಒಂದೇ ಮಾನದಲ್ಲಿ ಕೂಡಿಸಿ, ಮೀಸಲು ಮೆಮೊರಿಗೆ ಸಲ್ಲುವ ಬೆಲೆಯನ್ನು ಎಲ್ಲಕ್ಕೂ ಪಡೆಯುವುದಾದರೆ, ಅದು ಮಾತಿನ ಜಾಣತನದ ಮಿತಿಯನ್ನು ದಾಟಿ ಅಳತೆಯ ಕಳವಿನ ಮಿತಿಗೆ ಬರುತ್ತದೆ.

ಇದಕ್ಕೆ ಮಾರುವವರ ಪಕ್ಷದಿಂದ ಬರಬಹುದಾದ ಆಕ್ಷೇಪಗಳನ್ನು ಲಘುವಾಗಿ ಎಣಿಸುವಂತಿಲ್ಲ. ಮೊದಲನೆಯ ಆಕ್ಷೇಪವೆಂದರೆ, ಕೊಳ್ಳುವವನು ಬುದ್ಧಿಯುಳ್ಳ ವಯಸ್ಕನಾಗಿರುವುದರಿಂದ ವಿಚಾರಿಸಿ ಕೊಳ್ಳುವುದು ಅವನ ಕರ್ತವ್ಯ, ಕೇಳದ ಪ್ರಶ್ನೆಗೆ ಉತ್ತರ ಹೇಳುವ ಹೊಣೆ ಮಾರುವವನ ಮೇಲಿಲ್ಲ ಎಂಬುದು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಚಿಂತಕ ಸಿಸೆರೊ ಕರ್ತವ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಇದೇ ಪ್ರಶ್ನೆಯನ್ನು ಚರ್ಚಿಸಿದ್ದಾನೆ. ಕ್ಷಾಮದಿಂದ ಬಳಲುತ್ತಿರುವ ರೋಡ್ಸ್ ದ್ವೀಪಕ್ಕೆ ಅಲೆಕ್ಸಾಂಡ್ರಿಯದಿಂದ ಧಾನ್ಯ ತಂದ ವರ್ತಕನಿಗೆ, ಇನ್ನೂ ಹಲವು ಧಾನ್ಯದ ಹಡಗುಗಳು ಹಿಂದೆಯೇ ಬರುತ್ತಿರುವುದು ಗೊತ್ತಿದೆ. ಅದನ್ನು ದ್ವೀಪದ ಜನರಿಗೆ ತಿಳಿಸಿದರೆ ಬೆಲೆ ಇಳಿಯುತ್ತದೆ, ತಿಳಿಸದಿದ್ದರೆ ಹೆಚ್ಚಿನ ಬೆಲೆ ಸಿಗುತ್ತದೆ. ಅವನು ಏನು ಮಾಡಬೇಕು? ಸ್ಟೋಯಿಕ್ ಪಂಥದವರೇ ಆದ ಇಬ್ಬರಲ್ಲಿ, ಬ್ಯಾಬಿಲೋನಿನ ಡಯಾಜಿನೀಸನು, ಕಾನೂನು ಕೇಳುವಷ್ಟನ್ನು ಹೇಳಿ ಉಳಿದುದರಲ್ಲಿ ಮೌನವಾಗಿರಬಹುದೆಂದೂ ಮೌನವೇ ಮರೆಮಾಚುವಿಕೆಯಲ್ಲವೆಂದೂ ವಾದಿಸಿದರೆ, ಅವನ ಶಿಷ್ಯ ಆಂಟಿಪೇಟರನು, ಮಾರುವವನಿಗೆ ತಿಳಿದುದೆಲ್ಲವೂ ಕೊಳ್ಳುವವನಿಗೂ ತಿಳಿದಿರಬೇಕೆಂದು ವಾದಿಸಿದ. ಸಿಸೆರೊ ಒಲಿಯುವುದು ಶಿಷ್ಯನ ಕಡೆಗೆ: ಬರಿಯ ಮೌನ ಮರೆಮಾಚುವಿಕೆಯಲ್ಲದಿದ್ದರೂ, ತನ್ನ ಲಾಭಕ್ಕಾಗಿ ಇನ್ನೊಬ್ಬನು ತಿಳಿಯದಿರಲಿ ಎಂದು ಬಯಸಿ ಮೌನವಾಗಿರುವುದು ಮರೆಮಾಚುವಿಕೆಯೇ ಎಂಬುದು ಅವನ ನಿಲುವು. ಗ್ರಾಫಿಕ್ಸ್ ಮೆಮೊರಿಯ ಪ್ರಸಂಗದಲ್ಲಿ ಆಂಟಿಪೇಟರನ ಪಕ್ಷ ಇನ್ನಷ್ಟು ಬಲವಾಗುತ್ತದೆ, ಏಕೆಂದರೆ ವಿಚಾರಿಸಬೇಕೆಂಬ ಕರ್ತವ್ಯ ಸಲ್ಲುವುದು ಏನನ್ನು ವಿಚಾರಿಸಬೇಕೆಂದು ಬಲ್ಲವನಿಗೆ. ಮೆಮೊರಿಯಲ್ಲಿ ಎರಡು ಬಗೆಗಳಿವೆ ಎಂಬುದನ್ನೇ ಕೇಳಿರದವನು ಯಾವ ಬಗೆಯದೆಂದು ಕೇಳಲಾರ.

ಎರಡನೆಯ ಆಕ್ಷೇಪ, ಎಲ್ಲವನ್ನೂ ಹೇಳುವುದು ಸಾಧ್ಯವಿಲ್ಲ ಎಂಬುದು. ಇದು ನಿಜ, ಒಂದು ಲ್ಯಾಪ್‌ಟಾಪ್‌ನ ಸಮಸ್ತ ವಿವರಗಳನ್ನೂ ಪೆಟ್ಟಿಗೆಯ ಮೇಲೆ ಬರೆದರೆ ಅದು ಮತ್ತೆ ಪ್ರತಿಪತ್ತಿವಂಧ್ಯವೇ ಆಗುತ್ತದೆ. ಆದರೆ ಹೇಳದೆ ಬಿಟ್ಟದ್ದೆಲ್ಲ ಮರೆಮಾಚಿದ್ದಲ್ಲ. ತಿಳಿದಿದ್ದರೆ ಕೊಳ್ಳುವವನ ತೀರ್ಮಾನ ಬದಲಾಗುತ್ತಿತ್ತೇ ಎಂಬುದೇ ಇಲ್ಲಿ ಒರೆಗಲ್ಲು. ಲ್ಯಾಪ್‌ಟಾಪ್‌ನ ತಿರುಗಣೆಗಳ ಅಳತೆ ಹೇಳದಿದ್ದರೆ ಯಾರಿಗೂ ನಷ್ಟವಿಲ್ಲ, ಮೆಮೊರಿ ಮೀಸಲೋ ಹಂಚಿಕೆಯದೋ ಎಂಬುದನ್ನು ಹೇಳದಿದ್ದರೆ ನಷ್ಟವಿದೆ. ಮೂರನೆಯ ಆಕ್ಷೇಪ ಹೆಚ್ಚು ಸೂಕ್ಷ್ಮವಾದುದು: ಹಂಚಿಕೆಯ ಮೆಮೊರಿ ಎಲ್ಲ ಸಂದರ್ಭಗಳಲ್ಲಿಯೂ ಕೀಳಲ್ಲ. 2020ರ ನವೆಂಬರಿನಲ್ಲಿ ಬಂದ ಆಪಲ್ ಎಂ1 ಚಿಪ್ಪಿನಿಂದ ಮೊದಲುಗೊಂಡು, ಮುಖ್ಯ ಪ್ರೊಸೆಸರಿಗೂ ಗ್ರಾಫಿಕ್ಸಿಗೂ ಒಂದೇ ವೇಗದ ಮೆಮೊರಿಯನ್ನು ಉದ್ದೇಶಪೂರ್ವಕವಾಗಿಯೇ ಹಂಚುವ ರಚನೆಗಳು ಬಂದಿವೆ. ಎಎಂಡಿ ಕಂಪನಿಯ ರೈಜೆನ್ ಎಐ ಮ್ಯಾಕ್ಸ್ ಸರಣಿಯ ಯಂತ್ರಗಳಲ್ಲಿ 128 ಜಿಬಿ ರ‍್ಯಾಮ್ ಇದ್ದರೆ ಅದರಲ್ಲಿ 96 ಜಿಬಿವರೆಗೂ ಗ್ರಾಫಿಕ್ಸಿಗೆ ಕೊಡಬಹುದು, ಅದರ 256 ಬಿಟ್ ಅಗಲದ ಹಾದಿ ಸೆಕೆಂಡಿಗೆ 256 ಜಿಬಿ ಸಾಗಿಸುವಷ್ಟು ವೇಗದ್ದು. ಈ ಸಂಗತಿ ಮೇಲಿನ ವಾದವನ್ನು ದುರ್ಬಲಗೊಳಿಸದೆ ಪೂರ್ಣಗೊಳಿಸುತ್ತದೆ. ದೋಷವಿರುವುದು ಹಂಚಿಕೆಯಲ್ಲಿ ಅಲ್ಲ, ಯಾವ ದೃಷ್ಟಿಯಿಂದ ಆಡಿದ ಮಾತೆಂಬುದನ್ನು ಅಡಗಿಸುವುದರಲ್ಲಿ. ಒಂದು ದೃಷ್ಟಿಯಿಂದ ಕಂಡ ಸತ್ಯಾಂಶವನ್ನು ಜೈನ ತಾರ್ಕಿಕರು ನಯವೆಂದು ಕರೆದು, ಅದು ಬೇರೆ ದೃಷ್ಟಿಗಳನ್ನು ನಿರಾಕರಿಸಿ ತಾನೇ ಪೂರ್ಣವೆಂದು ನಿಂತಾಗ ದುರ್ನಯವಾಗುತ್ತದೆಂದು ಎಚ್ಚರಿಸಿದ್ದಾರೆ. ಜಿಬಿಯ ಸಂಖ್ಯೆ ಒಂದು ನಯ, ವೇಗ ಇನ್ನೊಂದು, ವಿದ್ಯುತ್ತಿನ ಮಿತಿ ಮತ್ತೊಂದು. ಇವುಗಳಲ್ಲಿ ಒಂದನ್ನೇ ಎತ್ತಿ ಹಿಡಿದು ಅದೇ ವಸ್ತುವಿನ ಸಮಗ್ರ ಪರಿಚಯವೆಂದು ಬಿಂಬಿಸುವುದು ದುರ್ನಯ.

ಭಾರತದ ಕಾನೂನೂ ಈ ವಿವೇಕದಿಂದ ದೂರವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದಾರಿತಪ್ಪಿಸುವ ಜಾಹೀರಾತನ್ನು ವ್ಯಾಖ್ಯಾನಿಸುವಾಗ ಸುಳ್ಳು ವರ್ಣನೆಯನ್ನು ಮಾತ್ರ ಹೇಳಿ ಬಿಡದೆ, ವಸ್ತುವಿನ ಸ್ವರೂಪ, ಪ್ರಮಾಣ, ಗುಣಗಳ ವಿಷಯದಲ್ಲಿ ಗ್ರಾಹಕನ ದಾರಿತಪ್ಪಿಸಬಹುದಾದುದನ್ನೂ, ಮುಖ್ಯ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚುವುದನ್ನೂ ಅದರಲ್ಲಿ ಸೇರಿಸಿದೆ. 2022ರ ಜೂನ್‌ನಲ್ಲಿ ಹೊರಬಂದ ಜಾಹೀರಾತು ಮಾರ್ಗಸೂಚಿಗಳು, ಅಡಿಟಿಪ್ಪಣಿ ಮುಖ್ಯ ಹೇಳಿಕೆಯನ್ನು ಸ್ಪಷ್ಟಪಡಿಸಬಹುದೇ ಹೊರತು ಅದಕ್ಕೆ ವಿರುದ್ಧವಾಗಿರಬಾರದೆಂದೂ, ಮುಖ್ಯ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅಡಿಟಿಪ್ಪಣಿಯೂ ಅದೇ ಭಾಷೆಯಲ್ಲಿರಬೇಕೆಂದೂ ಹೇಳುತ್ತವೆ. ಧರ್ಮರಾಯನ ಮಾತಿನ ಮೇಲೆ ಮಹಾಕಾವ್ಯ ಕೊಟ್ಟ ತೀರ್ಪನ್ನು ಇಲ್ಲಿ ಶಾಸನ ತನ್ನ ಭಾಷೆಯಲ್ಲಿ ಮತ್ತೆ ಹೇಳಿದೆ. ಆದರೆ ಕಾನೂನು ತಲುಪುವುದು ತಪ್ಪು ನಡೆದ ಮೇಲೆ ದೂರು ಕೊಡುವ ಶಕ್ತಿಯಿರುವವನ ಬಳಿಗೆ; ಅದಕ್ಕೆ ಮುಂಚೆ ಅಂಗಡಿಯ ಕಟ್ಟೆಯ ಬಳಿ ನಡೆಯುವ ಮಾತನ್ನು ಕಾಯಬಲ್ಲದ್ದು ಆಡುವವನ ಧರ್ಮಬುದ್ಧಿಯೊಂದೇ.

ಕೊಳ್ಳುವವನ ಕಡೆಯಲ್ಲೂ ಒಂದು ಧರ್ಮವಿದೆ. ದೊಡ್ಡ ಸಂಖ್ಯೆಯೇ ಒಳ್ಳೆಯದೆಂಬ ಆಸೆ ಅವನಲ್ಲಿ ಇರುವುದರಿಂದಲೇ ದೊಡ್ಡ ಸಂಖ್ಯೆಯ ಅರೆಸತ್ಯಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಬಂದಿದೆ. 1920 ಮತ್ತು 1080 ಬಿಂದುಗಳ ಪರದೆಯ ಒಂದು ಪೂರ್ಣ ಚಿತ್ರಕ್ಕೆ, ಬಿಂದುವಿಗೆ ನಾಲ್ಕು ಬೈಟ್‌ನಂತೆ, ಬೇಕಾಗುವುದು ಸುಮಾರು 8 ಎಂಬಿ ಮಾತ್ರ. ಪತ್ರ ಬರೆಯುವುದು, ಲೆಕ್ಕಪತ್ರ ಇಡುವುದು, ಪಾಠದ ವಿಡಿಯೊ ನೋಡುವುದು ಇಷ್ಟೇ ಕೆಲಸವಾದರೆ ಪ್ರತ್ಯೇಕ ಗ್ರಾಫಿಕ್ಸ್ ಮೆಮೊರಿ ಬೇಕಾಗುವುದೇ ಇಲ್ಲ. ಮೂರು ಆಯಾಮದ ಆಟಗಳು, ಕಟ್ಟಡ ಮತ್ತು ಯಂತ್ರಗಳ ವಿನ್ಯಾಸ, ಸಿನಿಮಾ ಸಂಕಲನ, ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ಸ್ವಂತ ಯಂತ್ರದಲ್ಲಿ ನಡೆಸುವುದು ಇಂಥವುಗಳಿಗೆ ಮಾತ್ರ ಅದು ನಿಜವಾದ ಅಗತ್ಯ. 700 ಕೋಟಿ ನಿಯತಾಂಕಗಳ ಒಂದು ಭಾಷಾಮಾದರಿ 16 ಬಿಟ್ ರೂಪದಲ್ಲಿ 14 ಜಿಬಿಯನ್ನೂ 4 ಬಿಟ್ ರೂಪದಲ್ಲಿ 3.5 ಜಿಬಿಯನ್ನೂ ಆ ನಿಯತಾಂಕಗಳನ್ನು ಇಟ್ಟುಕೊಳ್ಳುವುದಕ್ಕೇ ಕೇಳುತ್ತದೆ. ಎಷ್ಟು ಬೇಕು ಎಂಬ ಪ್ರಶ್ನೆ ಹೀಗೆ ಏತಕ್ಕೆ ಬೇಕು ಎಂಬ ಪ್ರಶ್ನೆಯ ನಂತರವೇ ಬರಬೇಕು. 12ನೆಯ ಶತಮಾನದ ಕಲ್ಯಾಣದಲ್ಲಿ ಅಕ್ಕಿ ಆಯುವ ಕಾಯಕದ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದು ತಮಗೆ ಬೇಕಾದುದಕ್ಕಿಂತ ಹೆಚ್ಚೆಂದು ಕಂಡ ಅವನ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಹೇಳಿದಳೆಂಬ ಪ್ರಸಂಗವನ್ನು ಶರಣ ಪರಂಪರೆ ಇಂದಿಗೂ ಗೌರವದಿಂದ ನೆನೆಯುತ್ತದೆ. ಅಗತ್ಯವನ್ನು ಅಳೆಯಬಲ್ಲವನನ್ನು ಅಳತೆಯಿಂದ ವಂಚಿಸುವುದು ಕಷ್ಟವೆಂಬ ಪಾಠ ಅದರಲ್ಲಿದೆ.

ಇಷ್ಟನ್ನೂ ಕೂಡಿಸಿ ನೋಡಿದಾಗ ಬರುವ ನಿರ್ಣಯ ಸ್ಪಷ್ಟವಾದುದು. ಸಂಖ್ಯೆಗೆ ತನ್ನದೇ ಆದ ಸತ್ಯವಿಲ್ಲ; ಅದನ್ನು ಹೇಳುವವನ ಅರಿವು ಕೇಳುವವನಲ್ಲಿ ಹಾಗೆಯೇ ಮೂಡಿದಾಗ ಅದು ಸತ್ಯವಾಗುತ್ತದೆ, ಮೂಡದಂತೆ ತಡೆದಾಗ ಅದೇ ಸಂಖ್ಯೆ ಅಸತ್ಯವಾಗುತ್ತದೆ. ಆದುದರಿಂದ ಲ್ಯಾಪ್‌ಟಾಪ್ ಮಾರುವ ಪ್ರತಿಯೊಬ್ಬರೂ ಕೇಳುವ ಮೊದಲೇ, ಕೊಳ್ಳುವವನ ಭಾಷೆಯಲ್ಲಿ, ನಾಲ್ಕು ಸಂಗತಿಗಳನ್ನು ಹೇಳಬೇಕು: ಗ್ರಾಫಿಕ್ಸ್ ಮೆಮೊರಿಯಲ್ಲಿ ಮೀಸಲಾದುದೆಷ್ಟು, ಹಂಚಿಕೆಯದೆಷ್ಟು; ಅದು ಯಾವ ಬಗೆಯದು, ಎಷ್ಟು ವೇಗದ್ದು; ಚಿಪ್ಪಿಗೆ ಗೊತ್ತುಪಡಿಸಿದ ವ್ಯಾಟ್ ಎಷ್ಟು; ಕೊಳ್ಳುವವನು ಹೇಳಿದ ಕೆಲಸಕ್ಕೆ ಇದು ಸಾಕೇ, ಸಾಲದೇ, ಅನಗತ್ಯವೇ. ಕೊಳ್ಳುವವರು ಈ ನಾಲ್ಕನ್ನೂ ಕೇಳದೆ, ಕೇಳಿದ್ದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳದೆ ಹಣ ಕೊಡಬಾರದು.